ಬನ್ನೂರಿನ ಹುಡುಗ



ಮೈಸೂರಿನಿಂದ ಸುಮಾರು 15 ಮೈಲಿ ದೂರದಲ್ಲಿ, ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಬನ್ನೂರೆಂಬ ಊರಿದೆ. ನಾಲೆಯ ನೀರು, ಬತ್ತದ ಗದ್ದೆ, ಗಿಡ್ಡಕಾಲಿನ ದುಂಡುಮೈಯ ಕುರಿ, ಬನ್ನೂರೆಂದೊಡನೆ ನಮ್ಮ ಜನರಿಗೆ ನೆನಪಾಗುವುದು ಇವು. ಕುರಿಯ ಖ್ಯಾತಿಯಂತೂ ಊರಿನ ಉಳಿದ ಹಿರಿಮೆಯನ್ನೆಲ್ಲ ಮೇಯ್ದುಬಿಟ್ಟಿದೆ. ಆದರೆ ನಾವು ಈ ಹೊತ್ತು ಹೇಳಹೊರಟಿರುವುದು ಆ ಊರಿನಲ್ಲಿ ಹುಟ್ಟಿ, ಬೆಳೆಯುವ ವಯಸ್ಸಿನಲ್ಲಿ ಹಿರಿಯರ ಕಣ್ಣುತಪ್ಪಿಸಿ ಓಡಿಹೋದ ಒಬ್ಬ ಹುಡುಗನ ವಿಚಾರ. ಮನೆಯಲ್ಲಿ ಹದಿನೈದು ಹದಿನಾರರ ಮಕ್ಕಳಿರುವ ತಂದೆತಾಯಿಗಳು ತುಸು ಕಿವಿಗೊಡಬೇಕಾಗಿ ಪ್ರಾರ್ಥನೆ.

1460ರ ಸುಮಾರಿನಲ್ಲಿ ಬನ್ನೂರಿನಲ್ಲಿ ಬಲ್ಲಣ್ಣನೆಂಬ ಗೃಹಸ್ಥನಿದ್ದನು. ಮಕ್ಕಳಿಲ್ಲದ ಕೊರಗಿನಿಂದ ಆತನೂ ಆತನ ಪತ್ನಿಯೂ ಅಬ್ಬೂರಿನ ಬ್ರಹ್ಮಣ್ಯತೀರ್ಥರನ್ನು ಮೊರೆಹೊಕ್ಕರು. ಮುಂದೆ ಹುಟ್ಟುವ ಮಕ್ಕಳಲ್ಲಿ ಒಂದು ಮಗುವನ್ನು ತಮಗೊಪ್ಪಿಸಬೇಕೆಂಬ ಕಟ್ಟಿನಮೇಲೆ ಯತಿಗಳು ಸಂತಾನವಾಗುವಂತೆ ಹರಸಿದರೆಂದು ಕಥೆ. ಆ ಮಗುವಿನ ಹೆಸರು ಯತಿರಾಜ. ಉಪನಯನವಾಗಿ, ನಾಲ್ಕಕ್ಷರ ಕಲಿತು, ಮನೆಯ ಬೆಳಕಾಗಿ ಓಡಾಡುತ್ತಿದ್ದ ಕಾಲಕ್ಕೆ ಗುರುಗಳ ಕೇಳಿಕೆ ಬಂದಿತು. ಬಲ್ಲಣ್ಣನು ಮಾತಿಗೆ ತಪ್ಪದೆ ಮಗನನ್ನು ಒಪ್ಪಿಸಿದನು. ಹುಟ್ಟುವ ಮೊದಲೇ ಮಗನ ಬಾಳನ್ನು ಬರೆದುಕೊಡುವುದು ನ್ಯಾಯವೇ ಎಂದು ನೀವು ಕೇಳುವಿರಿ. ಕೇಳತಕ್ಕದ್ದೇ. ಆದರೆ ತೊಟ್ಟಿಲಲ್ಲಿರುವ ಕೂಸನ್ನು ಎಂಜಿನಿಯರೆಂದೋ ಡಾಕ್ಟರೆಂದೋ ನಿಶ್ಚಯಿಸಿಬಿಡುವ ನಾವು ಆ ಪ್ರಶ್ನೆಯನ್ನು ಕೊಂಚ ತಗ್ಗಿದ ದನಿಯಲ್ಲಿ ಕೇಳುವುದು ಲೇಸು.

ಹುಡುಗನಿಗೆ ಸಂನ್ಯಾಸ ಕೊಡಬೇಕೆಂದು ಗುರುಗಳು ಗೋಪ್ಯವಾಗಿ ನಿಶ್ಚಯಿಸಿದ್ದರು. ಹುಡುಗನೊಡನೆ ಆ ಮಾತನ್ನು ಎತ್ತಿರಲಿಲ್ಲ. ಅವನು ಸೂಕ್ಷ್ಮಮತಿ, ಹೇಗೋ ಊಹಿಸಿಕೊಂಡನು. ಆಗ ಅವನಿಗೆ ಸುಮಾರು 16 ವರ್ಷವೆಂದು ವಿದ್ವಾಂಸರ ಎಣಿಕೆ. ತನ್ನಿಂದಾದೀತೇ, ತನಗೆ ಅದು ಬೇಕೇ ಎಂಬ ಸಂಶಯವನ್ನು ಯಾರಮುಂದೆ ಹೇಳಿಕೊಂಡಾನು? ಆಶ್ರಮವನ್ನು ಬಿಟ್ಟು ಓಡಿಹೋದನು. ಕಾಡಿನಲ್ಲಿ ಒಂದು ಮರದಡಿಯಲ್ಲಿ ದಣಿವಾರಿಸಿಕೊಳ್ಳುತ್ತಿದ್ದಾಗ ವಿಷ್ಣುವಿನ ದರ್ಶನವಾಗಿ, ಹಿಂದಿರುಗೆಂದು ಅಪ್ಪಣೆಯಾಯಿತಂತೆ.

ದರ್ಶನದ ಮಾತು ಬಂದಾಗ ಇಂಗ್ಲಿಷು ಓದಿದ ನಮ್ಮಂಥವರು ಒಮ್ಮೆ ಕೆಮ್ಮಿ ಸುಮ್ಮನಾಗುವುದು ವಾಡಿಕೆ. ಕೆಮ್ಮಿದರೂ ಒಂದು ಸಂಗತಿಯನ್ನು ಗಮನಿಸಬೇಕು. ಕುದುರೆಯವರು ಅಟ್ಟಿಸಿಕೊಂಡು ಹೋದರೆಂದಾಗಲಿ, ರಟ್ಟೆಹಿಡಿದು ಎಳೆತಂದರೆಂದಾಗಲಿ ಕಥೆ ಹೇಳುವುದಿಲ್ಲ. ಹುಡುಗನು ತಾನಾಗಿ ಹೊರಟುಹೋದನು, ತಾನಾಗಿ ಹಿಂದಿರುಗಿದನು. ಹಿರಿಯರ ಗೋಪ್ಯವು ಅವನನ್ನು ಓಡಿಸಿತು. ಮರಳಿ ತಂದದ್ದು ಅವನೊಳಗೇ ಇದ್ದ ಭಕ್ತಿ. ಆ ಭಕ್ತಿ ಅವನಿಗೆಲ್ಲಿಂದ ಬಂದಿತು? ಬಗೆದುಕೊಡುವಂಥ ನೋವಿನಲ್ಲಿಯೂ ದೇವರಿಗಂಜಿ ಮಾತನ್ನುಳಿಸಿಕೊಂಡ ತಂದೆಯೊಬ್ಬನನ್ನು ಅವನು ಕಣ್ಣಾರೆ ಕಂಡಿದ್ದನಷ್ಟೆ. ಇದು ನಮ್ಮ ಊಹೆ. ಯಾವ ಗ್ರಂಥದಲ್ಲಿಯೂ ಹುಡುಕಬೇಡಿ.

ಇನ್ನು ನಮ್ಮ ಮನೆಯ ಮಾತು. ನಮ್ಮ ಮಗನಿಗೆ ಹದಿನೈದು ತುಂಬಿದ ವರ್ಷ. ಸಂಜೆಯ ಸಂಧ್ಯಾವಂದನೆ ತಪ್ಪಕೂಡದೆಂದು ಅವನಿಗೆ ಕಟ್ಟುಮಾಡಿದ್ದೆವು. ನಾವು ಮಾತ್ರ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಂದ ದಿನದಿಂದ ಅದನ್ನು ಬಿಟ್ಟಿದ್ದೆವು. ಕಟ್ಟು ಹೋದಮೇಲೂ ಹಿಡಿದಿರಲಿಲ್ಲ. ಆ ದಿನಗಳಲ್ಲಿ ಹುಡುಗನು ಮೂರು ಸಂಜೆ ತಡವಾಗಿ ಬಂದನು. ಸ್ನೇಹಿತನ ಮನೆಯಲ್ಲಿ ಲೆಕ್ಕ ಮಾಡುತ್ತಿದ್ದೆನೆಂದನು. ನಾವು ತಲೆದೂಗಿ, ಮರುದಿನ ಅವನಿಲ್ಲದ ಹೊತ್ತು ನೋಡಿ, ಆ ಸ್ನೇಹಿತನನ್ನೇ ಕರೆಸಿ ವಿಚಾರಿಸಿದೆವು. ಅಲ್ಲಿಗೆ ಅವನು ಹೋಗಿಯೇ ಇರಲಿಲ್ಲ. ನಮ್ಮ ಪತ್ತೇದಾರಿಕೆಗೆ ನಾವೇ ಮೆಚ್ಚಿಕೊಂಡದ್ದೂ ಉಂಟು. ರಾತ್ರಿಯ ವೇಳೆಗೆ ಹುಡುಗನಿಗೆ ವಿಷಯ ಮುಟ್ಟಿತು. ಅವನು ರೇಗಲಿಲ್ಲ, ಅಳಲಿಲ್ಲ. “ನನ್ನನ್ನೇ ಕೇಳಬಹುದಾಗಿತ್ತಲ್ಲ, ಅಪ್ಪ” ಎಂದಷ್ಟೆ ಹೇಳಿ ಒಳಕ್ಕೆ ಹೋದನು.

ಅನಂತರ ಒಂದು ತಿಂಗಳು ನಮ್ಮ ಮನೆಯಲ್ಲಿ ಹೂಂ, ಉಹೂಂ ಎಂಬೆರಡೇ ಮಾತುಗಳು ಚಲಾವಣೆಯಲ್ಲಿದ್ದುವು. ಸಂಧ್ಯಾವಂದನೆಯನ್ನು ಮಾತ್ರ ಕಂದಾಯ ಕಟ್ಟುವವನಂತೆ ಹೊತ್ತಿಗೆ ಸರಿಯಾಗಿ ಮಾಡಿ ಏಳುತ್ತಿದ್ದನು. ಒಂದು ಸಂಜೆ ನಾವು ನಡುಮನೆಗೆ ಬಂದು ನೋಡುತ್ತೇವೆ, ಒಂದರ ಪಕ್ಕದಲ್ಲೊಂದು ಎರಡು ಮಣೆ, ಎರಡು ಪಂಚಪಾತ್ರೆ. ಒಂದರ ಮುಂದೆ ಅವನು ಕುಳಿತಿದ್ದಾನೆ. ಇನ್ನೊಂದು ನಮ್ಮದು. ವ್ಯಂಗ್ಯವೋ ಆಹ್ವಾನವೋ ಈಗಲೂ ನಿರ್ಧರಿಸಲಾರೆವು. ಕನ್ನಡಕವನ್ನು ತೆಗೆದಿಟ್ಟು, ಕಾಲುತೊಳೆದು ಬಂದು ಕುಳಿತೆವು. ಅಭ್ಯಾಸ ತಪ್ಪಿದ ಬಾಯಿ. ಎರಡು ಕಡೆ ಮಂತ್ರ ಎಡವಿತು. ಹುಡುಗನು ಮೆಲ್ಲನೆ ಎತ್ತಿಕೊಟ್ಟನು. ಎದ್ದಮೇಲೆ ನಾವು, “ಆ ಹುಡುಗನನ್ನು ಕರೆಸಿ ಕೇಳಿದ್ದು ತಪ್ಪಾಯಿತು” ಎಂದೆವು. ಇಪ್ಪತ್ತು ವರ್ಷ ಪಾಠ ಹೇಳಿದ ನಾಲಿಗೆಗೆ ಆ ಒಂದು ವಾಕ್ಯ ಎಷ್ಟು ಭಾರವಾಯಿತೆಂಬುದನ್ನು ಅಧ್ಯಾಪಕ ಮಿತ್ರರು ಬಲ್ಲರು.

ಆ ಬೇಸಗೆಯಲ್ಲಿ ಒಂದು ದಿನ ಅವನನ್ನು ಬನ್ನೂರಿಗೆ ಕರೆದುಕೊಂಡು ಹೋದೆವು. ದಾರಿಯಲ್ಲಿ ಯತಿರಾಜನ ಕಥೆ ಹೇಳಿದೆವು. ಹಿಂದಿರುಗಿದ ಹುಡುಗನು ವ್ಯಾಸತೀರ್ಥರೆಂಬ ಯತಿಯಾದದ್ದು, ಕಂಚಿಯಲ್ಲಿ ಶಾಸ್ತ್ರಗಳನ್ನೋದಿ, ಮುಳುಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ವರ್ಷಗಟ್ಟಲೆ ಕಲಿತದ್ದು, ‘ನ್ಯಾಯಾಮೃತ’ವನ್ನು ಬರೆದದ್ದು, ಕೃಷ್ಣದೇವರಾಯನಿಂದ ಗುರುವೆಂದು ಗೌರವಿಸಲ್ಪಟ್ಟದ್ದು, 1539ರಲ್ಲಿ ದೇಹವಿಟ್ಟು ಆನೆಗೊಂದಿಯ ನವವೃಂದಾವನದಲ್ಲಿ ನೆಲೆಸಿದ್ದು, ಎಲ್ಲವನ್ನೂ ಹೇಳಿದೆವು. ಅದರಲ್ಲಿ ಅವನಿಗೆ ಅಷ್ಟು ರುಚಿ ಹುಟ್ಟಿದಂತೆ ಕಾಣಲಿಲ್ಲ. ಆದರೆ ಕನಕದಾಸರ ಬಾಳೆಹಣ್ಣಿನ ಕಥೆಯಲ್ಲಿ ಬರುವ ಗುರುಗಳು ಇವರೇ ಎಂದಾಗ ಕಿವಿ ನೆಟ್ಟಗಾಯಿತು. ಯಾರೂ ಕಾಣದ ಎಡೆಯಲ್ಲಿ ತಿಂದುಬನ್ನಿರೆಂದು ಶಿಷ್ಯರ ಕೈಗೆ ಹಣ್ಣು ಕೊಟ್ಟು ಕಳುಹಿಸಿದರಷ್ಟೆ. ದೇವರಿಲ್ಲದ ಎಡೆಯೇ ದೊರೆಯಲಿಲ್ಲವೆಂದು ಕನಕರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದರು.

“ಅವರು ಯಾರನ್ನೂ ಹಿಂದೆ ಕಳುಹಿಸಲಿಲ್ಲವೇ, ನೋಡಿಕೊಂಡು ಬಾ ಎಂದು?” ಎಂದನು.

“ಇಲ್ಲ.”

“ತಾವೇ ಒಂದುಸಾರಿ ಓಡಿಹೋಗಿದ್ದರಲ್ಲ, ಅದಕ್ಕೇ ಇರಬೇಕು.”

ಇಷ್ಟು ವರ್ಷ ಆ ಕಥೆಯನ್ನು ಕೇಳುತ್ತಲೂ ಹೇಳುತ್ತಲೂ ಬಂದಿದ್ದ ನಮಗೆ ಹೊಳೆಯದ ಮಾತು ಅದು. ಸಂಜೆ ಹಿಂದಿರುಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖಮಾಡಿಕೊಂಡೇ, “ಆ ಮೂರು ದಿವಸ ಎಲ್ಲಿಗೆ ಹೋಗಿದ್ದೆ ಎಂದು ನೀವು ಆಮೇಲೆ ಕೇಳಲೇ ಇಲ್ಲ” ಎಂದನು. ಹೇಳಬೇಕೆನಿಸಿದಾಗ ಹೇಳು ಎಂದೆವು. ಮೈಸೂರಿನ ದೀಪಗಳು ಕಾಣಿಸುವ ಮೊದಲೇ ಹೇಳಿದನು. ಅದೇನೆಂಬುದನ್ನು ಇಲ್ಲಿ ತಿಳಿಸಲು ನಮಗೆ ಅವನ ಅಪ್ಪಣೆಯಿಲ್ಲ.