ಸೀಟಿ ಯಾರ ಕೈಯಲ್ಲಿ?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಯುವಕ ಸಂಘಗಳು ಕಬಡ್ಡಿ ಪಂದ್ಯ ನಡೆಸುವುದನ್ನು ನೀವು ನೋಡಿರುತ್ತೀರಿ. ಅಲ್ಲಿ ಹೆಣ್ಣುಮಕ್ಕಳ ಪಾಲಿಗೆ ಬರುವುದೇನು? ಪ್ರಾರ್ಥನೆ, ಅತಿಥಿಗಳಿಗೆ ಆರತಿ. ಸೀಟಿ, ಅಂಕದ ಪುಸ್ತಕ, ಹಣದ ಲೆಕ್ಕ ಗಂಡಸರದೇ. ‘ಹೆಂಗಸಿನ ತೀರ್ಪನ್ನು ಹುಡುಗರು ಒಪ್ಪುತ್ತಾರೆಯೇ?’ ಎಂಬ ಅನುಮಾನ ಬೇರೆ.

ಗುಂಡ್ಲುಪೇಟೆಯವರಂತೂ ಹೀಗೆ ಕೇಳಬಾರದು! ಆ ಕ್ಷೇತ್ರದ ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ವಿಧಾನಸಭೆಯ ಅಧ್ಯಕ್ಷರಾಗಿದ್ದರು. ರಾಜ್ಯದಲ್ಲಿ ಆ ಪೀಠವೇರಿದ ಮೊದಲ ಮಹಿಳೆ. ಸಭೆಯ ತುಂಬ ಗಂಡಸರು. ರೂಲಿಂಗ್ ಮಾತ್ರ ಅವರದು.

ಕ್ರೀಡೆಯಲ್ಲಿ ಈ ಹಾದಿ ಉದ್ದ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲೇ ಭಾರತ ಮಹಿಳಾ ಕ್ರಿಕೆಟ್‌ನ ಮೊದಲ ಟೆಸ್ಟ್ ನಾಯಕಿ. ಕ್ರಿಕೆಟ್ ಮಂಡಳಿಯ ಅಪೆಕ್ಸ್ ಕೌನ್ಸಿಲ್‌ನಲ್ಲಿ ಅವರಿಗೆ ಕುರ್ಚಿ ಸಿಕ್ಕಿದ್ದು 2019ರಲ್ಲಿ, 43 ವರ್ಷಗಳ ಮೇಲೆ. ಅದೇ ವರ್ಷ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತನ್ನ ಪುರುಷರ ತಂಡಕ್ಕೆ ನವನೀತಾ ಗೌತಮ್ ಅವರನ್ನು ಮಸಾಜ್ ತಜ್ಞೆಯಾಗಿ ನೇಮಿಸಿತು.

ಮುಂದಿನ ಪಂದ್ಯದ ಕರಪತ್ರ ಅಚ್ಚು ಹಾಕಿಸುವಾಗ, ನಿಮ್ಮೂರ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ ನಿಯಮ ಬಲ್ಲವರಾದರೆ ಅವರ ಹೆಸರನ್ನು ತೀರ್ಪುಗಾರರ ಪಟ್ಟಿಯಲ್ಲಿ ಸೇರಿಸಿ. ಸೋತವರು ಗೊಣಗುತ್ತಾರೆ, ಗಂಡಸರ ತೀರ್ಪಿಗೂ ಗೊಣಗುತ್ತಾರಲ್ಲವೇ? ಆಗ ಸಂಘದ ಕಾರ್ಯದರ್ಶಿ ಸೀಟಿಯನ್ನು ಬೇರೆಯವರಿಗೆ ಕೊಡದೆ ಆಕೆಯ ಪಕ್ಕ ನಿಲ್ಲಬೇಕು.