ಇಗರ್ಜಿಯ ಮಾಡೂ ಲೆಕ್ಕದ ಪುಸ್ತಕವೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನಾದವನು ವಾರ್ಷಿಕೋತ್ಸವದ ವೇದಿಕೆಯನ್ನೇರಿದರೆ ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವುದು ವಾಡಿಕೆ. ಈ ಸಲ ಕಾರ್ಯದರ್ಶಿಗಳು ನಮಗೆ ಒಪ್ಪಿಸಿದ ವಿಷಯ ಬೇರೆ. ಹಳೆಯ ಇಗರ್ಜಿಯೊಂದರ ಜೀರ್ಣೋದ್ಧಾರಕ್ಕೆ ಯೋಜನೆ ಹಾಕುವ ಬಗೆ ಯಾವುದು, ದ್ರವ್ಯ ಕೂಡಿಸುವ ಬಗೆ ಯಾವುದು ಎಂಬುದನ್ನು ನಾವು ಹೇಳಬೇಕಂತೆ. ನಮ್ಮ ಸಂಘದ ಮಂದಿರದ ಮಾಡೂ ಕಳೆದ ಆಟಿಯಿಂದ ಸೋರತೊಡಗಿರುವುದು ಈ ಅಪ್ಪಣೆಗೆ ಕಾರಣವಿರಬೇಕು. ನಾವು ಎಂಜಿನಿಯರರಲ್ಲ, ಕ್ರೈಸ್ತರೂ ಅಲ್ಲ. ಆದರೆ ನಮ್ಮ ನೆರೆಯ ಇಗರ್ಜಿಯೊಂದಕ್ಕೆ ವಿಜ್ಞಾಪನಾ ಪತ್ರವನ್ನು ಬರೆದುಕೊಟ್ಟವರು ನಾವು. ಅದರಲ್ಲಿ ತಪ್ಪಿದವರೂ ನಾವೇ. ಆದುದರಿಂದ ಮಾತನಾಡುವ ಋಣ ನಮ್ಮ ಮೇಲಿದೆ.

ಆ ಊರಿನ ಹೆಸರು ಇಲ್ಲಿ ಬೇಡ. ಮುರಕಲ್ಲಿನ ಗೋಡೆ, ಕಿರಾಲುಬೋಗಿಯ ತೊಲೆ, ಮಂಗಳೂರು ಹೆಂಚಿನ ಮಾಡು. ನೂರು ವರ್ಷ ದಾಟಿದ ಕಟ್ಟಡ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ಕರಾವಳಿಯ ಶಾಲೆ, ಮನೆ, ಇಗರ್ಜಿಗಳು ಹೊದ್ದುಕೊಂಡ ಹೊದಿಕೆ ಅದು. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಸೀಮೆ ಕೇರಳಕ್ಕೆ ಸೇರಿತಾದರೂ ಇಲ್ಲಿಯ ಕೊಂಕಣಿ ಕ್ರೈಸ್ತರ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತದವೇ. ರಾಜ್ಯದ ಗಡಿ ಸರಿಯಿತು, ಧರ್ಮಪ್ರಾಂತದ ಗಡಿ ಸರಿಯಲಿಲ್ಲ. ಹೀಗಾಗಿ ಯೋಜನೆಗೆ ಒಪ್ಪಿಗೆ ಮಂಗಳೂರಿನಿಂದ ಬರಬೇಕು. ಪಂಚಾಯತಿಯ ಪರವಾನಿಗೆಯ ಕಾಗದ ಮಲೆಯಾಳದಲ್ಲಿ ಬರುತ್ತದೆ. ಮನೆಮನೆಗೆ ಹೋಗುವ ವಿಜ್ಞಾಪನೆಯೋ ಕನ್ನಡದಲ್ಲಿರಬೇಕು, ಏಕೆಂದರೆ ಮನೆಯಲ್ಲಿ ಕೊಂಕಣಿಯಾಡುವ ಆ ಜನ ಅಕ್ಷರ ಕಲಿತದ್ದು ನಮ್ಮ ಕನ್ನಡ ಶಾಲೆಗಳಲ್ಲಿ. ಆ ಕಾರಣದಿಂದಲೇ 2024ರ ಆರಂಭದಲ್ಲಿ ಅಲ್ಲಿಯ ಧರ್ಮಗುರುಗಳು ಇಬ್ಬರು ಗುರ್ಕಾರರೊಡನೆ ನಮ್ಮ ಮನೆಗೆ ಬಂದರು.

ನಾವು ಬರೆದುಕೊಟ್ಟೆವು. ‘ಜೀರ್ಣಶೀರ್ಣ’, ‘ಭಕ್ತಜನಹೃದಯಾನಂದಕರ’ ಎಂದು ಮುಂತಾದ ಸಮಾಸಗಳು ಅದರಲ್ಲಿ ಸಾಲುಗಟ್ಟಿದ್ದುವು. ನಡುವೆ ಒಂದು ಮೊತ್ತವೂ ಇತ್ತು. ಆ ಮೊತ್ತ ಬಂದುದು ಹೇಗೆಂದರೆ, ಕಂಟ್ರಾಕ್ಟುದಾರರೊಬ್ಬರು ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡಿ ಹೇಳಿದ್ದು. ಯಾರೂ ಏಣಿ ಹತ್ತಿರಲಿಲ್ಲ. ನಾವೂ ಕೇಳಲಿಲ್ಲ.

ಈಸ್ಟರ್ ಕಳೆದ ಮೇಲೆ ಹೆಂಚು ಇಳಿಸಿದರು. ಗೋಡೆಯ ತಲೆಯ ಮೇಲೆ ಕುಳಿತಿದ್ದ ಮರವನ್ನು ಒರಲೆ ಒಳಗಿನಿಂದಲೇ ತಿಂದು ಮುಗಿಸಿತ್ತು. ಅದಕ್ಕೆ ಕಾರಣ ಹುಡುಕುತ್ತ ಹೋದರೆ, ಹಿಂದೊಮ್ಮೆ ಯಾರೋ ಭಕ್ತಿಯಿಂದ ಮಾಡಿಸಿದ ಸಿಮೆಂಟು ಗಿಲಾವು ಸಿಕ್ಕಿತು. ಮುರಕಲ್ಲು ನೀರು ಹೀರುವ ಕಲ್ಲು. ಸುಣ್ಣದ ಗಾರೆಯಿದ್ದರೆ ಹೀರಿದ ತೇವ ಆರಿಹೋಗುತ್ತದೆ. ಸಿಮೆಂಟು ಮೆತ್ತಿದರೆ ಒಳಗೇ ಉಳಿದು ಮರವನ್ನೂ ಗೋಡೆಯನ್ನೂ ಕೆಡಿಸುತ್ತದೆ. ಹೀಗೆ ಮಾಡಿನ ಕೆಲಸ ಗೋಡೆಗೂ ಇಳಿಯಿತು. ಅಂದಾಜು ಒಂದೂವರೆ ಪಟ್ಟಾಯಿತು. ಕೊಟ್ಟವರು ಎರಡನೆಯ ಸಲ ಕೊಡಲು ಒಪ್ಪಲಿಲ್ಲ. ಮೊದಲು ಕೂಡಿದ ಹಣ ಹಬ್ಬದ ಹಣದೊಡನೆ ಒಂದೇ ಖಾತೆಯಲ್ಲಿತ್ತು. ಯಾರೂ ಒಂದು ಪೈಸೆಯನ್ನೂ ಮುಟ್ಟಿರಲಿಲ್ಲ. ಆದರೆ ಮುಟ್ಟಲಿಲ್ಲವೆಂದು ತೋರಿಸುವ ಕಾಗದವೂ ಇರಲಿಲ್ಲ. ಆ ಮಳೆಗಾಲವಿಡೀ ಪೀಠದ ಮೇಲೆ ಟಾರ್ಪಾಲು. ಎರಡು ಶವಸಂಸ್ಕಾರಗಳ ಪೂಜೆ ಪಕ್ಕದ ಶಾಲೆಯ ಜಗಲಿಯಲ್ಲಿ ನಡೆಯಿತು. ಬಸ್ಸಿನಲ್ಲಿ ಸಿಕ್ಕಿದ ಹಿರಿಯರೊಬ್ಬರು, “ಮಾಷ್ಟ್ರೇ, ಕಂಟ್ರಾಕ್ಟುದಾರನ ಮಾತು ನಂಬಿ ನಾನು ಕೊಟ್ಟದ್ದಲ್ಲ, ನಿಮ್ಮ ಬರಹ ನಂಬಿ ಕೊಟ್ಟದ್ದು” ಎಂದರು. ಉತ್ತರ ಹೊಳೆಯಲಿಲ್ಲ.

ಆ ವರ್ಷದ ಡಿಸೆಂಬರ್ 7ರಂದು ಪ್ಯಾರಿಸಿನ ನೋತ್ರ್ ದಾಮ್ ಮಹಾದೇವಾಲಯದ ಬಾಗಿಲು ಮತ್ತೆ ತೆರೆಯಿತು. ವರ್ತಮಾನಪತ್ರಿಕೆಗಳಲ್ಲಿ ಬಂದುದನ್ನೆಲ್ಲ ನಾವು ಓದಿದೆವು. ಮನಸ್ಸಿನಲ್ಲಿದ್ದುದು ಮಾತ್ರ ನಮ್ಮ ನೆರೆಯ ಟಾರ್ಪಾಲು. ಅದು 2019ರ ಏಪ್ರಿಲ್ 15ರ ಸಂಜೆ ಹೊತ್ತಿ ಉರಿದುದನ್ನು ನೀವೂ ದೂರದರ್ಶನದಲ್ಲಿ ನೋಡಿರಬಹುದು. ಅನಂತರ 150 ದೇಶಗಳ ಸುಮಾರು 3,40,000 ಮಂದಿ ಕೂಡಿ 84.6 ಕೋಟಿ ಯೂರೋ ಕೊಟ್ಟರು. ಎಲ್ಲರೂ ಕೊಂಡಾಡುವುದು ಈ ಅಂಕಿಯನ್ನೇ. ನಮ್ಮ ಕಣ್ಣು ನಿಂತದ್ದು ಬೇರೆಡೆ. ಬೆಂಕಿ ಬೀಳುವುದಕ್ಕೆ ಮೊದಲೇ ಆ ಕಟ್ಟಡ ಶಿಥಿಲವಾಗಿತ್ತು. ದುರಸ್ತಿಗೆ ಸುಮಾರು 15 ಕೋಟಿ ಯೂರೋ ಬೇಕೆಂದು ಅಂದಾಜಾಗಿತ್ತು. ಬರುತ್ತಿದ್ದುದು ಅದರ ಅಲ್ಪಾಂಶ. ಉರಿಯುವ ಮಾಡಿಗೆ ಲೋಕ ಕೊಡುತ್ತದೆ, ಸೋರುವ ಮಾಡಿಗೆ ಕೊಡುವುದಿಲ್ಲ. ಪ್ಯಾರಿಸಿನಲ್ಲೂ ಅಷ್ಟೆ, ನಮ್ಮ ಪಂಚಾಯತಿಯಲ್ಲೂ ಅಷ್ಟೆ.

ಇನ್ನೊಂದು ಸಂಗತಿ. ಹಣ ಬಂದ ಮಾತ್ರಕ್ಕೆ ಸುಟ್ಟುಹೋದ ಮಾಡು ಹೇಗಿತ್ತೆಂದು ತಿಳಿಯುವುದೇ? ಅಮೆರಿಕದ ಕಲಾಚರಿತ್ರಕಾರ ಆಂಡ್ರೂ ಟ್ಯಾಲನ್ ಎಂಬವರು ಆ ಕಟ್ಟಡವನ್ನು ಲೇಸರ್ ಕಿರಣದಿಂದ ಅಳೆದಿಟ್ಟಿದ್ದರು. ಬೆಂಕಿಯನ್ನು ಕಾಣುವ ಮೊದಲೇ 2018ರಲ್ಲಿ ತೀರಿಕೊಂಡರು. ಫ್ರಾನ್ಸಿನ ಇಬ್ಬರು ವಾಸ್ತುಶಿಲ್ಪಿಗಳು ಮಾಡಿನ ಓಕ್ ತೊಲೆಗಳನ್ನು ಒಂದೊಂದಾಗಿ ಅಳೆದು 2014ರ ಹೊತ್ತಿಗೆ ನಕ್ಷೆ ಮಾಡಿ ಮುಗಿಸಿದ್ದರು. ಯಾರಿಗೂ ಬೇಕಾಗಿಲ್ಲದಾಗ ಮಾಡಿದ ಈ ಕೆಲಸಗಳಿಂದಲೇ ಮುಂದೆ ಮಾಡು ಮೊದಲಿದ್ದಂತೆ ಎದ್ದುನಿಂತಿತು. ಸುಮಾರು 2,000 ಓಕ್ ಮರಗಳು ಬೇಕಾದುವು. ವಸಂತದಲ್ಲಿ ರಸವೇರಿದ ಮೇಲೆ ಕಡಿಯಬಾರದೆಂದು 2021ರ ಮಾರ್ಚಿ ಮುಗಿಯುವುದರೊಳಗೆ ಅವುಗಳಲ್ಲಿ ಮೊದಲಿನವನ್ನು ಕಡಿಸಿ ಒಣಗಲಿಟ್ಟರು. ಮರ ಕಡಿಯಲು ಕಾಲ ನೋಡುವ ನಮ್ಮ ಅಜ್ಜಂದಿರು ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ.

ಹಣದ ಮಾತಿಗೆ ಬಂದರೆ, 1905ರ ಶಾಸನದ ನಿಮಿತ್ತ ಆ ದೇವಾಲಯದ ಒಡೆತನ ಫ್ರೆಂಚ್ ಸರಕಾರದ್ದು, ಪೂಜೆಯ ಹಕ್ಕು ಇಗರ್ಜಿಯದು. ಬೆಂಕಿ ಬಿದ್ದ ಮೂರೂವರೆ ತಿಂಗಳಲ್ಲೇ, 2019ರ ಜುಲೈ 29ರಂದು, ಈ ನಿಧಿಗಾಗಿಯೇ ಪ್ರತ್ಯೇಕ ಶಾಸನವನ್ನು ಮಾಡಿದರು. ಹಣವು ಆ ಕಟ್ಟಡಕ್ಕಲ್ಲದೆ ಬೇರೆಗೆ ಹೋಗಕೂಡದು. ಲೆಕ್ಕ ಪರಿಶೋಧಿಸುವ ಅಲ್ಲಿಯ ಉನ್ನತ ಸಂಸ್ಥೆಯು ಕೆಲಸ ಮುಗಿಯುವವರೆಗೆ ಕಾಯಲಿಲ್ಲ. 2020ರಲ್ಲಿಯೇ ವರದಿ ಮಾಡಿ, ಕಾಮಗಾರಿಯ ಕಚೇರಿಯ ಖರ್ಚನ್ನು ದಾನಿಗಳ ಹಣದಿಂದ ಭರಿಸುವುದು ಸರಿಯೇ ಎಂದು ಬಹಿರಂಗವಾಗಿ ಆಕ್ಷೇಪಿಸಿತು. ಇಷ್ಟು ದೊಡ್ಡ ನಿಧಿಯಲ್ಲಿ ಇಷ್ಟು ಸಣ್ಣ ಪ್ರಶ್ನೆ! ಆದರೆ ಕೊಟ್ಟವನು ಕೇಳುವುದು ಇಂಥ ಸಣ್ಣ ಪ್ರಶ್ನೆಯನ್ನೇ. ಮೊದಲು ಕಟ್ಟಡ ಕುಸಿಯದಂತೆ ಭದ್ರಪಡಿಸುವುದಕ್ಕೆ ಸುಮಾರು 15 ಕೋಟಿ, ಬಳಿಕ ಜೀರ್ಣೋದ್ಧಾರಕ್ಕೆ ಸುಮಾರು 55 ಕೋಟಿ ವೆಚ್ಚವಾಗಿ, ಸುಮಾರು 14 ಕೋಟಿ ಉಳಿದಾಗ ಹೊರಗೋಡೆಗಳ ಹಳೆಯ ದುರಸ್ತಿಗೆಂದು ಅದನ್ನು ತೆಗೆದಿಟ್ಟರು.

ಇದನ್ನೆಲ್ಲ ಹೊತ್ತುಕೊಂಡು ನಾವೇ ಧರ್ಮಗುರುಗಳಲ್ಲಿಗೆ ಹೋದೆವು. ಅವರು ನಕ್ಕು, “ಪಂಡಿತರೇ, ಇದು ನಮ್ಮಲ್ಲಿಯೂ ವಿಧಿಸಿದ್ದೇ” ಎಂದರು. 1983ರ ಅವರ ಧರ್ಮಸಂಹಿತೆಯಂತೆ ಪ್ರತಿಯೊಂದು ಇಗರ್ಜಿಗೂ ಹಣಕಾಸಿನ ಸಮಿತಿಯಿರಲೇಬೇಕಂತೆ. ಸಮಿತಿಯಿತ್ತು, ಅದರ ಮುಂದೆ ನಕ್ಷೆಯಿರಲಿಲ್ಲ, ಅಷ್ಟೆ.

ಈ ಸಲ ಮೊದಲು ಬಡಗಿ ಹತ್ತಿದ. ಪ್ರತಿಯೊಂದು ತೊಲೆಗೂ ಸೀಮೆಸುಣ್ಣದಿಂದ ನಂಬರು ಹಾಕಿ, ಕೊರೆದು ನೋಡಿ, ಉಳಿಯುವುದು ಯಾವುದು, ಬದಲಾಯಿಸಬೇಕಾದುದು ಯಾವುದು ಎಂದು ಬರೆಸಿದ. ಎಂಜಿನಿಯರರು ಅದರ ಮೇಲೆ ಅಂದಾಜುಪಟ್ಟಿ ಮಾಡಿದರು. ಕಾಣದಿರುವುದಕ್ಕೆಂದು ನೂರಕ್ಕೆ 15ರಂತೆ ಸೇರಿಸಿದರು. ಹೊಸ ಕಟ್ಟಡಕ್ಕೆ 5 ಸಾಕಾಗಬಹುದು, ಹಳೆಯದರ ಹೊಟ್ಟೆಯೊಳಗೆ ಏನಿದೆಯೆಂದು ಯಾರು ಬಲ್ಲರು? ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದರು. ಕೊಲ್ಲಿಯ ದೇಶಗಳಲ್ಲಿ ದುಡಿಯುವ ಊರ ಮಕ್ಕಳ ಹಣದ ವಿಷಯದಲ್ಲಿ ಒಂದು ಭಯವಿತ್ತು. ವಿಚಾರಿಸಿದಾಗ ತಿಳಿದುದೇನೆಂದರೆ, ಭಾರತದ ಪ್ರಜೆಯಾಗಿಯೇ ಉಳಿದವನು ತನ್ನ ಸಂಪಾದನೆಯನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶೀ ದೇಣಿಗೆಯಾಗದು. ಬೇರೆ ದೇಶದ ಪೌರತ್ವ ಪಡೆದವನದಾದರೆ, ಅವನು ನಮ್ಮೂರಲ್ಲೇ ಹುಟ್ಟಿದ್ದರೂ, ಕೇಂದ್ರ ಸರಕಾರದ ನೋಂದಣಿಯಿಲ್ಲದೆ ಸ್ವೀಕರಿಸುವಂತಿಲ್ಲ. ಅಂಥ ಇಬ್ಬರಿಗೆ ಹಣ ಬೇಡವೆಂದು ಬರೆಯಬೇಕಾಯಿತು. ಆ ಪತ್ರಗಳೂ ನಮ್ಮವೇ. ಬರೆಯುವಾಗ ಕೈ ಎಳೆಯಿತು.

ಎರಡನೆಯ ವಿಜ್ಞಾಪನೆಯನ್ನು 2025ರ ಜನವರಿಯಲ್ಲಿ ಬರೆದೆವು. ಮೊದಲ ವಾಕ್ಯದಲ್ಲಿಯೇ, ಹಿಂದಿನ ಅಂಕಿ ತಪ್ಪಾಗಿತ್ತು, ಅಳೆಯದೆ ಬರೆದದ್ದು ಎಂದು ಒಪ್ಪಿಕೊಂಡೆವು. ಗುರ್ಕಾರರೊಬ್ಬರು ಆ ವಾಕ್ಯ ಬೇಡವೆಂದರು, ನಾವು ಬಿಡಲಿಲ್ಲ. ಬಳಿಕ ಒಂದು ಪಟ್ಟಿ: ಇಷ್ಟು ತೊಲೆ, ಇಷ್ಟು ಪಕ್ಕಾಸು, ಇಷ್ಟು ರೀಪು, ಇಷ್ಟು ಹೆಂಚು, ಇಷ್ಟು ಸುಣ್ಣ, ಒಂದೊಂದರ ಬೆಲೆ. ಸಮಾಸ ಒಂದೂ ಇರಲಿಲ್ಲ. ಒಂದು ಪಕ್ಕಾಸು ಕೊಡಲಾರದವರು ಹತ್ತು ಹೆಂಚು ಕೊಟ್ಟರು. ಬಂದುದನ್ನೂ ಹೋದುದನ್ನೂ ಪ್ರತಿ ಭಾನುವಾರ ಬಾಗಿಲಿನ ಹಲಗೆಯಲ್ಲಿ ಬರೆಯುತ್ತಿದ್ದರು. ಬಸ್ಸಿನ ಆ ಹಿರಿಯರು ಮತ್ತೆ ಕೊಟ್ಟರೋ ಇಲ್ಲವೋ ಎಂದು ನಾವು ಪುಸ್ತಕ ತೆರೆದು ನೋಡಲಿಲ್ಲ. ಹಲಗೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತಿದ್ದುದನ್ನು ಮಾತ್ರ ಕಂಡೆವು.

ಆ ವರ್ಷ ಮುಂಗಾರು ಅವಸರ ಮಾಡಿ ಮೇ 24ಕ್ಕೇ ಕೇರಳವನ್ನು ಮುಟ್ಟಿತು. ಕೋಡುಹೆಂಚು ಕೂರಿಸಿ ಮುಗಿದದ್ದು ಅದಕ್ಕೆ ನಾಲ್ಕು ದಿನ ಮುಂಚೆ. ಗೋಡೆಯ ಒಂದು ಪಾರ್ಶ್ವಕ್ಕೆ ಸುಣ್ಣದ ಗಾರೆ ಇನ್ನೂ ಆಗಬೇಕಿತ್ತು. ಅದನ್ನು ಬೇಸಗೆಗೆ ಬಿಟ್ಟರು. ಕಾಣದಿರುವುದಕ್ಕೆಂದು ತೆಗೆದಿಟ್ಟದ್ದರಲ್ಲಿ ಸ್ವಲ್ಪ ಉಳಿಯಿತು. ಮೈಕು ಕೊಳ್ಳೋಣವೆಂದು ಯುವಕರು ಕೇಳಿದರು. ಸಮಿತಿಯವರು ಅದನ್ನು ಬ್ಯಾಂಕಿನಲ್ಲಿಯೇ ಇಟ್ಟು, ಪ್ರತಿ ವರ್ಷ ಮೇ ತಿಂಗಳಲ್ಲಿ ಇಬ್ಬರು ಆಳುಗಳು ಮಾಡು ಹತ್ತಿ ಒಡೆದ ಹೆಂಚು ಬದಲಿಸುವ ಕೂಲಿಗೆಂದು ಬರೆದಿಟ್ಟರು.

ಇನ್ನು ನಮ್ಮ ಮಂದಿರದ ವಿಷಯ. ಇಂದು ಬೆಳಗ್ಗೆ ಕಾರ್ಯದರ್ಶಿಗಳು ವಿಜ್ಞಾಪನೆಯ ಕರಡನ್ನು ಕೇಳಿದರು. ಮೊತ್ತವನ್ನೂ ಬಾಯಲ್ಲಿ ಹೇಳಿದರು. ಮೊದಲು ಬಡಗಿಯೊಬ್ಬನನ್ನು ಕರೆಸೋಣ. ಏಣಿ ನಮ್ಮ ಮನೆಯಲ್ಲಿದೆ.