ಮಡಿವಾಳರ ಗುರುತು ಇಲ್ಲದ ಬಟ್ಟೆ: ಲೈಸೋಸೋಮ್ ದಾರಿ ತಪ್ಪಿದಾಗ

ಇವತ್ತು ಒಂದು ವಿಚಿತ್ರವಾದ ರಕ್ತಪರೀಕ್ಷೆಯಿಂದ ಮಾತು ಶುರು ಮಾಡ್ತೀನಿ.

ಒಂದು ಮಗು. ಕೀಲುಗಳು ಬಿಗಿದುಕೊಂಡಿವೆ, ಮೂಳೆ ಸರಿಯಾಗಿ ಬೆಳೆದಿಲ್ಲ, ಒಸಡು ದಪ್ಪಗಾಗಿದೆ. ಅದರ ಚರ್ಮದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ಕಸ ತುಂಬಿದ ಚೀಲಗಳು. ಆ ಕಸ ಕರಗಿಸಬೇಕಾದ ಕಿಣ್ವಗಳು ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದೇಹಕ್ಕೆ ಅವನ್ನು ತಯಾರಿಸೋಕೆ ಬರ್ತಿಲ್ಲ ಅಂತ ತಾನೇ ಅಂದುಕೊಳ್ಳೋದು? ಆದರೆ ರಕ್ತ ಪರೀಕ್ಷೆ ಮಾಡಿದರೆ ಅದೇ ಕಿಣ್ವಗಳು ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಗಿ ಅಲ್ಲಿ ತೇಲಾಡ್ತಾ ಇರುತ್ತವೆ. ಇದು ಐ-ಸೆಲ್ ಕಾಯಿಲೆ. ಬಹಳ ಅಪರೂಪದ್ದು. 1967ರಲ್ಲಿ ಮೊದಲು ವರದಿಯಾಯಿತು. ಈ ಮಕ್ಕಳಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಳ್ಳುತ್ತಾರೆ.

ಕಸ ಕರಗಿಸುವ ಆ ಚೀಲವೇ ಲೈಸೋಸೋಮ್. 1955ರಲ್ಲಿ ಬೆಲ್ಜಿಯಂನ ಕ್ರಿಸ್ತಿಯಾನ್ ದ ದೂವ್ ಅದಕ್ಕೆ ಹೆಸರಿಟ್ಟರು. ಒಳಗೆ ಹುಳಿ, ಸುತ್ತಲಿನ ದ್ರವಕ್ಕಿಂತ ನೂರು ಪಟ್ಟಿಗೂ ಹೆಚ್ಚು ಆಮ್ಲೀಯ. ಸುಮಾರು ಅರವತ್ತು ಬಗೆಯ ಕಿಣ್ವಗಳು ಅಲ್ಲಿ ಕೆಲಸ ಮಾಡುತ್ತವೆ. ಆದರೆ ಅವು ತಯಾರಾಗೋದು ಬೇರೆ ಕಡೆ. ಕೋಶದಿಂದ ಆಚೆ ಹೋಗಬೇಕಾದ ಪ್ರೋಟೀನುಗಳ ಜೊತೆಗೇ ಕಲೆತು ಗಾಲ್ಜಿ ಅನ್ನುವ ಭಾಗಕ್ಕೆ ಬರುತ್ತವೆ. ಅಲ್ಲಿ ಯಾವುದು ಯಾರ ಮನೆಗೆ?

ಹಿಂದೆ ಊರಿನ ಮಡಿವಾಳರು ಬಟ್ಟೆಯ ಮೂಲೆಯಲ್ಲಿ ಕೇರುಬೀಜದ ರಸದಿಂದ ಒಂದು ಕಪ್ಪು ಗುರುತು ಹಾಕ್ತಿದ್ರು. ಹತ್ತಾರು ಮನೆಯ ಬಟ್ಟೆ ಒಟ್ಟಿಗೆ ಒಗೆದರೂ ಗುರುತು ನೋಡಿ ಸರಿಯಾದ ಮನೆಗೆ ತಲುಪಿಸ್ತಿದ್ರು. ಕೋಶ ಮಾಡೋದೂ ಹೆಚ್ಚುಕಡಿಮೆ ಅದನ್ನೇ.

ಇದು ಗೊತ್ತಾದ ರೀತಿ ನನಗೆ ಬಹಳ ಇಷ್ಟ. ಅಮೆರಿಕದ ಎಲಿಜಬೆತ್ ನ್ಯೂಫೆಲ್ಡ್ ಮತ್ತು ಅವರ ಸಹೋದ್ಯೋಗಿಗಳು 1968ರಲ್ಲಿ ಎರಡು ಬೇರೆ ಬೇರೆ ಲೈಸೋಸೋಮ್ ಕಾಯಿಲೆಗಳ ಕೋಶಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿದರು. ಎರಡೂ ಸುಧಾರಿಸಿದವು! ಒಂದರಿಂದ ಸೋರಿದ ಕಿಣ್ವವನ್ನು ಇನ್ನೊಂದು ಒಳಗೆ ಎಳೆದುಕೊಂಡಿತ್ತು. ಆಮೇಲೆ ಐ-ಸೆಲ್ ಕೋಶಗಳ ಸರದಿ. ಆರೋಗ್ಯವಂತರ ಕಿಣ್ವ ಕೊಟ್ಟರೆ ಅವು ತಗೊಂಡವು. ಆದರೆ ಅವು ತಯಾರಿಸಿದ ಕಿಣ್ವವನ್ನು ಬೇರೆ ಕೋಶಗಳು ಮುಟ್ಟಲೇ ಇಲ್ಲ. ಅಂದ್ರೆ ದೋಷ ಬಾಗಿಲಲ್ಲಿ ಇಲ್ಲ, ಸರಕಿನಲ್ಲಿದೆ. ಏನೋ ಒಂದು ಗುರುತು ಬಿಟ್ಟುಹೋಗಿದೆ ಅಂತ 1972ರಲ್ಲಿ ಅವರು ಊಹಿಸಿದರು. ಗುರುತು ಏನು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

ಉತ್ತರ ಬಂದಿದ್ದು 1977ರಲ್ಲಿ. ಮ್ಯಾನೋಸ್-6-ಫಾಸ್ಫೇಟ್. ಒಂದು ಸಕ್ಕರೆ, ಅದಕ್ಕೊಂದು ಫಾಸ್ಫೇಟ್, ಅಷ್ಟೇ. ಗಾಲ್ಜಿಯಲ್ಲಿ ಒಂದು ಕಿಣ್ವ ಈ ಗುರುತು ಹಾಕೋ ಕೆಲಸ ಶುರು ಮಾಡುತ್ತೆ, ಇನ್ನೊಂದು ಅದನ್ನು ಮುಗಿಸುತ್ತೆ. ಐ-ಸೆಲ್ ಮಕ್ಕಳಲ್ಲಿ ಮೊದಲನೆಯದೇ ಕೆಟ್ಟಿರುತ್ತೆ. ಗುರುತಿಲ್ಲದ ಸರಕೆಲ್ಲ ರಕ್ತಕ್ಕೆ ಹರಿದುಹೋಗುತ್ತೆ.

ಗುರುತು ಓದೋದು ರಿಸೆಪ್ಟರ್. ಅದು ಕಿಣ್ವವನ್ನು ಹಿಡಿದು ಪುಟ್ಟ ಗುಳ್ಳೆಯೊಂದರಲ್ಲಿ ಮುಂದಕ್ಕೆ ಒಯ್ಯುತ್ತೆ. ದಾರಿಯಲ್ಲಿ ಹುಳಿ ಹೆಚ್ಚಾಗುತ್ತೆ, ಹಿಡಿತ ತಾನಾಗೇ ಸಡಿಲವಾಗುತ್ತೆ. ಸರಕು ಇಳಿಸಿ ರಿಸೆಪ್ಟರ್ ಮುಂದಿನ ಟ್ರಿಪ್ಪಿಗೆ ವಾಪಸ್ ಗಾಲ್ಜಿಗೆ. ಇಳಿಯೋ ಜಾಗ ಹುಳಿಯಾಗಿದ್ದರೆ ಸಾಕು, ಇಳಿಸೋಕೆ ಬೇರೆ ಆಳು ಬೇಡ! ಹಾಗಂತ ಎಲ್ಲ ಕಿಣ್ವವೂ ಇದೇ ದಾರಿ ಹಿಡಿಯೋದಿಲ್ಲ. ಗೋಷೆ ಕಾಯಿಲೆಯಲ್ಲಿ ಕೆಡುವ ಕಿಣ್ವಕ್ಕೆ ಈ ಗುರುತೇ ಬೇಕಿಲ್ಲ, ಲಿಂಪ್-2 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಕರೆದೊಯ್ಯುತ್ತೆ. ಐ-ಸೆಲ್ ಮಕ್ಕಳ ಯಕೃತ್ತಿನಲ್ಲಂತೂ ಕಿಣ್ವಗಳು ಹೆಚ್ಚುಕಡಿಮೆ ಸರಿಯಾಗೇ ಇರುತ್ತವೆ.

ಈ ರಿಸೆಪ್ಟರ್‌ಗಳಲ್ಲಿ ಕೆಲವು ಕೋಶದ ಹೊರಮೈ ಮೇಲೂ ಇರುತ್ತವೆ. ನ್ಯೂಫೆಲ್ಡ್ ಅವರ ಪಾತ್ರೆಯಲ್ಲಿ ಸೋರಿದ ಕಿಣ್ವ ಒಳಗೆ ಹೋಗಿದ್ದು ಆ ಬಾಗಿಲಿಂದಲೇ. ಪಾಂಪೆ ಕಾಯಿಲೆಯ ಔಷಧವೂ ಅದೇ ಬಾಗಿಲು ತಟ್ಟುತ್ತೆ. ಗುರುತು ಹೊತ್ತ ಕಿಣ್ವವನ್ನು ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಡ್ರಿಪ್ ಹಾಕ್ತಾರೆ, 2006ರಿಂದ ಬಳಕೆಯಲ್ಲಿದೆ. ಆದರೆ ರಕ್ತದಿಂದ ಮೆದುಳಿಗೆ ಅದು ದಾಟೋದಿಲ್ಲ. ಐ-ಸೆಲ್ ಮಗುವಿಗೆ ಇಂಥ ಚಿಕಿತ್ಸೆ ಇನ್ನೂ ಇಲ್ಲ. ಒಂದು ಕಿಣ್ವವಾದರೆ ಕೊಡಬಹುದು, ಹತ್ತಾರು ಕಿಣ್ವ ಕೊಡೋದು ಹೇಗೆ?

ಔಷಧ ಇರುವವರ ಪಾಡೂ ಸುಲಭ ಅಲ್ಲ. ಅಪರೂಪದ ಕಾಯಿಲೆಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನೀತಿ ತಂತು, 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿತು. ದೊಡ್ಡ ಮೊತ್ತವೇ. ಆದರೆ ಡೋಸ್ ಲೆಕ್ಕ ಹಾಕೋದು ಮಗುವಿನ ತೂಕದ ಮೇಲೆ, ಚಿಕಿತ್ಸೆ ಜೀವನಪೂರ್ತಿ. ಬೇರೆ ಅಪ್ಪ-ಅಮ್ಮಂದಿರು ಮಗು ಮೈ ತುಂಬಿಕೊಂಡರೆ ಹಿಗ್ಗುತ್ತಾರೆ. ಇವರು ತೂಕದ ಯಂತ್ರ ನೋಡಿ, ಉಳಿದ ಹಣ ಇನ್ನೆಷ್ಟು ತಿಂಗಳಿಗೆ ಸಾಕು ಅಂತ ಲೆಕ್ಕ ಹಾಕ್ತಾರೆ.